ಆಟ ಬಿಟ್ಟರೆ ಅಂಕ ಬರುತ್ತದೆಯೇ?



ಇತ್ತೀಚೆಗೆ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳ ತಾಯಿ ಮನೆಗೆ ಬಂದಿದ್ದರು. ಮಗಳು ಈಗ ಡಿಗ್ರಿ ಎರಡನೇ ವರ್ಷ. ಕಾಲೇಜಿನ ಹುಡುಗಿಯರ ಫುಟ್‌ಬಾಲ್ ತಂಡಕ್ಕೆ ಅವಳೇ ನಾಯಕಿ. ಈ ಸಲ ಅಂಕ ಕಡಿಮೆಯಾಗಿದೆ. "ಟೀಚರೇ, ಆಟ ಬಿಡಲು ನೀವಾದರೂ ಅವಳಿಗೆ ಹೇಳಿ. ನಾನು ಹೇಳಿದರೆ ಕೇಳುವುದಿಲ್ಲ" ಎಂದರು.

ನಾನು ಅವರಿಗೆ ನಾದಿಯಾ ನದೀಮ್ ಎಂಬಾಕೆಯ ಕಥೆ ಹೇಳಿದೆ. ನೀವೂ ಕೇಳಿ.

ನಾದಿಯಾ ಹುಟ್ಟಿದ್ದು 1988ರಲ್ಲಿ, ಅಫಘಾನಿಸ್ತಾನದ ಹೆರಾತ್‌ನಲ್ಲಿ. ಸೇನಾಧಿಕಾರಿಯಾಗಿದ್ದ ತಂದೆಯನ್ನು 2000ದಲ್ಲಿ ತಾಲಿಬಾನ್ ಕೊಂದಿತು. ತಾಯಿ ಐವರು ಹೆಣ್ಣುಮಕ್ಕಳನ್ನು ಕರೆದುಕೊಂಡು ಪಾಕಿಸ್ತಾನ, ಇಟಲಿಯ ಮೂಲಕ ಡೆನ್ಮಾರ್ಕ್ ಸೇರಿದರು. ನಾದಿಯಾ ಫುಟ್‌ಬಾಲ್ ಕಲಿತದ್ದು ಅಲ್ಲಿನ ನಿರಾಶ್ರಿತರ ಶಿಬಿರದಲ್ಲಿ. 2009ರಲ್ಲಿ ಡೆನ್ಮಾರ್ಕ್ ರಾಷ್ಟ್ರೀಯ ತಂಡಕ್ಕೆ ಆಡಿದರು. ಓರ್‌ಹೂಸ್ ವಿಶ್ವವಿದ್ಯಾನಿಲಯದಲ್ಲಿ ವೈದ್ಯಕೀಯ ಓದುತ್ತಲೇ ಅಮೆರಿಕ, ಇಂಗ್ಲೆಂಡ್, ಫ್ರಾನ್ಸ್‌ನ ಕ್ಲಬ್ಬುಗಳಲ್ಲಿ ಆಡಿದರು. 2017ರ ಯುರೋಪಿಯನ್ ಚಾಂಪಿಯನ್‌ಶಿಪ್ ಫೈನಲ್‌ನಲ್ಲಿ ಮೊದಲ ಗೋಲು ಆಕೆಯದ್ದೇ. ಪಂದ್ಯವನ್ನು ಮಾತ್ರ ನೆದರ್‌ಲೆಂಡ್ಸ್ 4-2ರಿಂದ ಗೆದ್ದಿತು. 2019ರಲ್ಲಿ ಯುನೆಸ್ಕೋ ಆಕೆಯನ್ನು ಹೆಣ್ಣುಮಕ್ಕಳ ಶಿಕ್ಷಣದ ರಾಯಭಾರಿಯಾಗಿ ಆರಿಸಿತು. 2021ರ ಸೆಪ್ಟೆಂಬರ್‌ನಲ್ಲಿ ಮೊಣಕಾಲಿನ ಲಿಗಮೆಂಟ್ ಹರಿಯಿತು. ಆಟ ನಿಂತಿತು, ಓದು ನಿಲ್ಲಲಿಲ್ಲ. 2022ರ ಜನವರಿಯಲ್ಲಿ ಆಕೆ ವೈದ್ಯೆಯಾದರು. ಆಗ ವಯಸ್ಸು 34.

ಈ ಮೂವತ್ತನಾಲ್ಕನ್ನು ಗಮನಿಸಿ. ಡೆನ್ಮಾರ್ಕ್‌ನಲ್ಲಿ ವೈದ್ಯಕೀಯ ಶಿಕ್ಷಣ ಆರು ವರ್ಷ. ಆ ವಯಸ್ಸಿಗೆ ಹೆಚ್ಚಿನವರು ಆಸ್ಪತ್ರೆಯಲ್ಲಿ ಹಲವು ವರ್ಷ ದುಡಿದಿರುತ್ತಾರೆ. ಸಮತೋಲನವೆಂದರೆ ಪ್ರತಿದಿನವೂ ಎಲ್ಲವನ್ನೂ ಸಮನಾಗಿ ತೂಗುವುದಲ್ಲ. ಒಂದು ಕಾಲದಲ್ಲಿ ಆಟ ಮುಂದಿರುತ್ತದೆ, ಇನ್ನೊಂದು ಕಾಲದಲ್ಲಿ ಪುಸ್ತಕ. ತಡವಾಗಬಹುದು. ಆದರೆ ಒಂದನ್ನೂ ಕೈಬಿಡಬೇಕಾಗಿಲ್ಲ.

"ನಮ್ಮ ಮನೆಯ ಕಥೆ ಬೇರೆ ಟೀಚರೇ" ಎಂದರು ಆ ತಾಯಿ. ನಿಜ. ಅದಕ್ಕೇ ನಾನು ಒಂದು ಕಾಗದ ತೆಗೆದು, ಮಗಳ ದಿನಚರಿಯನ್ನು ಹೇಳುವಂತೆ ಕೇಳಿಕೊಂಡೆ. ಸುಬ್‌ಹಿ ನಮಾಝಿನ ಬಳಿಕ ಗುಡಿಸುವುದು, ತಿಂಡಿಗೆ ಸಹಾಯ; ಒಂದೂವರೆ ಗಂಟೆ. ಮಗ್ರಿಬ್ ನಂತರ ಅಡುಗೆ, ಪಾತ್ರೆ, ಬಟ್ಟೆ ಮಡಚುವುದು. ಮತ್ತೆ ಒಂದೂವರೆ ಗಂಟೆ. ಫುಟ್‌ಬಾಲ್ ಅಭ್ಯಾಸ ವಾರಕ್ಕೆ ಮೂರು ದಿನ, ದಿನಕ್ಕೆ ಒಂದು ಗಂಟೆ.

ಕೂಡಿಸಿದೆವು. ವಾರಕ್ಕೆ ಆಟ ಮೂರು ಗಂಟೆ, ಮನೆಗೆಲಸ ಇಪ್ಪತ್ತೊಂದು ಗಂಟೆ.

"ತಮ್ಮ ಏನು ಮಾಡುತ್ತಾನೆ?" ಎಂದು ಕೇಳಿದೆ. "ಅವನಿಗೆ ಈ ವರ್ಷ ಎಸ್ಸೆಸ್ಸೆಲ್ಸಿ ಅಲ್ಲವೇ, ಓದಲಿ ಎಂದು ಏನೂ ಹೇಳುವುದಿಲ್ಲ" ಎಂದವರು ಕಾಗದವನ್ನೇ ನೋಡುತ್ತಾ ಸುಮ್ಮನಾದರು.

ಸಹೋದರಿಯರೇ, ಹೆಣ್ಣುಮಕ್ಕಳು ಮನೆಗೆಲಸ ಕಲಿಯಬಾರದೆಂದು ನಾನು ಹೇಳುತ್ತಿಲ್ಲ. ಗಂಡುಮಕ್ಕಳೂ ಕಲಿಯಲಿ ಎನ್ನುತ್ತೇನೆ. ಅಂಕ ಕಡಿಮೆಯಾದಾಗ ನಮ್ಮ ಕಣ್ಣು ಮೊದಲು ಬೀಳುವುದು ಅವಳಿಗೆ ಸಂತೋಷ ಕೊಡುವ ಆ ಮೂರು ಗಂಟೆಯ ಮೇಲೆ. ಉಳಿದ ಇಪ್ಪತ್ತೊಂದು ಗಂಟೆ ನಮಗೆ ಕಾಣುವುದೇ ಇಲ್ಲ.

ಮರುದಿನ ಆ ಹುಡುಗಿಯನ್ನೂ ಕರೆಸಿ ಮಾತನಾಡಿದೆ. ತಪ್ಪು ಅವಳ ಕಡೆಯೂ ಇತ್ತು. ರಾತ್ರಿ ತಂಡದ ಗೆಳತಿಯರೊಂದಿಗೆ ಮೊಬೈಲ್‌ನಲ್ಲಿ ಹರಟೆ, ಪ್ರತಿಯೊಂದು ಕೆಲಸವೂ ತನ್ನ ಕೈಯಿಂದಲೇ ಆಗಬೇಕೆಂಬ ಹಠ. "ಪರೀಕ್ಷೆಯ ತಿಂಗಳು ಅಭ್ಯಾಸ ನಡೆಸುವ ಹೊಣೆಯನ್ನು ಜೊತೆಗಾತಿಗೆ ವಹಿಸು. ಇನ್ನೊಬ್ಬರನ್ನು ಬೆಳೆಸುವುದೂ ನಾಯಕಿಯ ಕೆಲಸವೇ" ಎಂದೆ. ತಲೆಯಾಡಿಸಿದಳು.

ಈಗ ಆ ಮನೆಯಲ್ಲಿ ರಾತ್ರಿಯ ಪಾತ್ರೆ ತಮ್ಮನ ಪಾಲಿಗೆ ಬಂದಿದೆಯಂತೆ. ಫಲಿತಾಂಶ ಇನ್ನಷ್ಟೇ ಬರಬೇಕು. ನಿಮ್ಮ ಮಗಳ ಅಂಕವೂ ಕಡಿಮೆಯಾಗಿದ್ದರೆ, ಅವಳ ಆಟ ಬಿಡಿಸುವ ಮೊದಲು ಒಮ್ಮೆ ನೀವೂ ಕಾಗದ, ಪೆನ್ನು ತೆಗೆದುಕೊಂಡು ಕುಳಿತುಕೊಳ್ಳುವಿರಾ?