ಎದುರಿನವರ ಕಣ್ಣಿಗೆ ಬೀಳುವ ಬೆಳಕು

ಕುರ್ಲಾದ ಸಿಎಸ್‌ಟಿ ರಸ್ತೆಗೆ ಕಾರಿನ ಬಿಡಿಭಾಗ ಹುಡುಕಿಕೊಂಡು ಹೋದವರ ಕಿವಿಗೆ ‘ಆಫ್ಟರ್‌ಮಾರ್ಕೆಟ್’ ಎಂಬ ಪದ ಬೀಳುವುದು ಅಪರೂಪ. ಅಲ್ಲಿನ ಮಾಲು ಎರಡೇ ಜಾತಿಯದ್ದಲ್ಲ. ‘ಕಂಪನಿ’ ಇದೆ, ‘ಕಂಪನಿ ಜೈಸಾ’ ಇದೆ, ‘ಲೋಕಲ್’ ಇದೆ, ‘ಡೂಪ್ಲಿಕೇಟ್’ ಇದೆ, ಗುಜರಿಗೆ ಬಂದ ಗಾಡಿಯಿಂದ ಬಿಚ್ಚಿಟ್ಟ ಹಳೇ ‘ಒರಿಜಿನಲ್’ ಕೂಡ ಇದೆ. ‘ಕಂಪನಿ ಜೈಸಾ’ ಎಂಬುದರಲ್ಲಿ ಕಂಪನಿ ಎಷ್ಟು, ಜೈಸಾ ಎಷ್ಟು ಎಂದು ಅಳೆಯುವುದು ಗಿರಾಕಿಯ ಪಾಡು. (ಅಂದಹಾಗೆ ಈ ಸಿಎಸ್‌ಟಿ ಛತ್ರಪತಿ ಶಿವಾಜಿ ಟರ್ಮಿನಸ್ ಅಲ್ಲ, ಸೆಂಟ್ರಲ್ ಸಾಲ್ಸೆಟ್ ಟ್ರಾಮ್‌ವೇ. ಹೆಸರು ನಂಬಿ ಮೋಸಹೋಗುವುದು ರಸ್ತೆಯ ಬೋರ್ಡಿನಿಂದಲೇ ಶುರು.)

ಮೇ ರಜೆಗೋ ಚೌತಿಗೋ ಊರಿಗೆ ಹೊರಡುವ ಮುಂಬೈ ಕನ್ನಡಿಗರಿಗೆ ಈ ಲೆಕ್ಕಾಚಾರ ಹೆಚ್ಚಾಗಿ ಎದುರಾಗುವುದು ಹೆಡ್‌ಲೈಟಿನ ವಿಷಯದಲ್ಲಿ. ಪನ್ವೇಲ್ ದಾಟಿ ರಾಷ್ಟ್ರೀಯ ಹೆದ್ದಾರಿ 66 ಹಿಡಿದು, ಕಶೇಡಿ, ಪರಶುರಾಮ ಘಾಟಿಗಳನ್ನು ಹಾದು ಉಡುಪಿ ಕುಂದಾಪುರದ ಕಡೆಗೆ ಇಡೀ ರಾತ್ರಿ ಓಡಿಸಬೇಕು. ಕಂಪನಿ ಕೊಟ್ಟ ಹ್ಯಾಲೊಜೆನ್ ಬಲ್ಬು ಮಂಕೆನಿಸುತ್ತದೆ. ಅಂಗಡಿಯವರು ಎಲ್‌ಇಡಿ ಬಲ್ಬೊಂದಕ್ಕೆ ಬ್ಯಾಟರಿ ತಾಗಿಸಿ ಶಟರಿನ ಮೇಲೆ ಬೆಳಕು ಬಿಟ್ಟು ತೋರಿಸುತ್ತಾರೆ. ಹಾಲಿನಂಥ ಬಿಳುಪು. ‘ದಿನ್ ಜೈಸಾ ದಿಖೇಗಾ, ಸೇಠ್.’ ಮಾತು ಅಲ್ಲಿಗೇ ಮುಗಿದುಹೋಗುತ್ತದೆ.

ಮುಗಿಯಬಾರದು. ಆ ಶಟರು ಇರುವುದು ಒಂದು ಮೀಟರ್ ದೂರದಲ್ಲಿ. ಘಾಟಿಯಲ್ಲಿ ಬೇಕಾದ ಬೆಳಕು ಐವತ್ತು, ಅರವತ್ತು ಮೀಟರಿನಾಚೆಗೆ ಬೀಳಬೇಕು. ಬಾನೆಟ್ಟಿನ ಎದುರಿನ ನೆಲವೇ ಝಗಝಗಿಸುತ್ತಿದ್ದರೆ ಕಣ್ಣಿನ ಪಾಪೆ ಕಿರಿದಾಗುತ್ತದೆ, ದೂರದ ಕತ್ತಲಲ್ಲಿ ನಿಂತ ಎಮ್ಮೆ ಇನ್ನಷ್ಟು ಕತ್ತಲಾಗುತ್ತದೆ. ಚೆನ್ನಾಗಿ ಕಾಣುತ್ತಿದೆ ಎಂಬ ಭಾವನೆ ಬೇರೆ, ಕಾಣುವುದು ಬೇರೆ.

ಇದಕ್ಕಿಂತ ದೊಡ್ಡ ತೊಂದರೆ ಬಲ್ಬಿನ ಆಕಾರದ್ದು. ನಮ್ಮ ಬಹಳಷ್ಟು ಕಾರುಗಳಲ್ಲಿರುವ ಎಚ್4 ಹ್ಯಾಲೊಜೆನ್ 60/55 ವ್ಯಾಟಿನದು. ಅದರೊಳಗೆ ಎರಡು ತಂತಿಸುರುಳಿಗಳಿವೆ. ಲೋ ಬೀಮಿನ ಸುರುಳಿಯ ಕೆಳಗೆ ಪುಟ್ಟ ಲೋಹದ ಬಟ್ಟಲೊಂದು ಅಡ್ಡ ಕೂತಿರುತ್ತದೆ. ಸುರುಳಿ ಕೂತ ಜಾಗ, ಬಟ್ಟಲಿನ ಅಂಚು, ಹಿಂದಿನ ರಿಫ್ಲೆಕ್ಟರಿನ ಬಾಗು, ಮೂರನ್ನೂ ಒಂದಕ್ಕೊಂದು ಹೊಂದಿಸಿ ಮಾಡಿರುವುದರಿಂದಲೇ ಬೆಳಕು ಒಂದು ಗೆರೆಯಿಂದ ಮೇಲಕ್ಕೆ ಹಾರುವುದಿಲ್ಲ. ಸುರುಳಿಯ ಜಾಗಕ್ಕೆ ಎರಡು ಪಕ್ಕದಲ್ಲಿ ಚಿಪ್ ಅಂಟಿಸಿದ ಎಲ್‌ಇಡಿ ಕಡ್ಡಿ ತೂರಿಸಿದರೆ ರಿಫ್ಲೆಕ್ಟರಿಗೆ ತನ್ನ ಲೆಕ್ಕವೇ ತಪ್ಪುತ್ತದೆ. ಗೆರೆ ಕದಡುತ್ತದೆ. ಗೆರೆ ಮೀರಿದ ಬೆಳಕು ಹೋಗಿ ಬೀಳುವುದು ಎದುರು ಬರುವ ಬೈಕಿನವನ ಕಣ್ಣಿಗೆ. ವಯಸ್ಸಾದಂತೆ, ಅದರಲ್ಲೂ ಪೊರೆ ಬರಲು ಶುರುವಾದ ಕಣ್ಣಿಗೆ, ಹೀಗೆ ಕೋರೈಸಿದ ಮೇಲೆ ಮತ್ತೆ ದಾರಿ ಕಾಣಲು ಹೆಚ್ಚು ಹೊತ್ತು ಬೇಕು. ಅಷ್ಟರೊಳಗೆ ಅವನ ಬೈಕು ಎಷ್ಟೋ ಮಾರು ಕುರುಡಾಗಿ ಓಡಿರುತ್ತದೆ. ದುಡ್ಡು ಕೊಟ್ಟವನಿಗೆ ಇದ್ಯಾವುದೂ ಗೊತ್ತಾಗುವುದಿಲ್ಲ. ಕೆಟ್ಟ ಬ್ರೇಕ್ ಹಾಕಿಸಿಕೊಂಡರೆ ತನಗೇ ಏಟು, ಕೆಟ್ಟ ಲೈಟು ಹಾಕಿಸಿಕೊಂಡರೆ ಬೇರೆಯವರಿಗೆ.

ಹಾಗೆಂದು ಎಲ್‌ಇಡಿಯೇ ಪಾಪಿಯಲ್ಲ. ಜರ್ಮನಿಯಲ್ಲಿ 2020ರಿಂದ ಹ್ಯಾಲೊಜೆನ್ ಲ್ಯಾಂಪಿಗೆ ಹಾಕುವ ಕೆಲವು ಎಲ್‌ಇಡಿ ಬಲ್ಬುಗಳಿಗೆ ಒಪ್ಪಿಗೆ ಸಿಕ್ಕಿದೆ. ಆದರೆ ಅದು ಬರೀ ಬಲ್ಬಿಗೆ ಸಿಕ್ಕ ಒಪ್ಪಿಗೆಯಲ್ಲ, ಇಂಥ ಮಾಡೆಲಿನ ಇಂಥ ಲ್ಯಾಂಪಿಗೆ ಈ ಬಲ್ಬು ಎಂದು ಪಟ್ಟಿ ಮಾಡಿ ಕೊಟ್ಟದ್ದು. ಸಿಎಸ್‌ಟಿ ರಸ್ತೆಯಲ್ಲಿ ಸಿಗುವ ‘ಸಬ್ ಗಾಡಿ ಮೇಂ ಲಗೇಗಾ’ ಎಂಬ ಭರವಸೆಯನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು.

‘ಕಂಪನಿ’ ಎಂಬ ಪದಕ್ಕೂ ಅಷ್ಟೊಂದು ಭಕ್ತಿ ಬೇಡ. ಒಂದು ಕಾಲಕ್ಕೆ ಕಾರಿನ ಕಂಪನಿ ಎಂದರೆ ಕುರ್ಲಾವೇ ಆಗಿತ್ತು. ವಾಲ್‌ಚಂದ್ ಹಿರಾಚಂದ್ ಸ್ಥಾಪಿಸಿದ ಪ್ರೀಮಿಯರ್ ಆಟೊಮೊಬೈಲ್ಸ್ ಫಿಯಟ್ಟನ್ನೂ ಪದ್ಮಿನಿಯನ್ನೂ ತಯಾರಿಸಿದ್ದು ಇಲ್ಲೇ. ಈಗ ಆ ಜಾಗದಲ್ಲಿ ಕೊಹಿನೂರ್ ಸಿಟಿ ಎದ್ದಿದೆ, ಕೊನೆಯ ಪದ್ಮಿನಿ ಟ್ಯಾಕ್ಸಿಗಳು 2023ರ ಅಕ್ಟೋಬರಿನಲ್ಲಿ ಮುಂಬೈ ರಸ್ತೆ ಬಿಟ್ಟವು. ಪದ್ಮಿನಿಯ ಗುಂಡು ಲೈಟು ಒಡೆದರೆ ಬೇರೊಂದು ಗುಂಡು ಲೈಟು ತಂದು ಕೂರಿಸಿದರಾಯಿತು. ಈಗಿನ ಲ್ಯಾಂಪು ಹಾಗಲ್ಲ. ಒಂದೊಂದು ಮಾಡೆಲಿಗೆ ಒಂದೊಂದು ಆಕಾರ. ಹಿಂಬದಿಯ ಪ್ಲಾಸ್ಟಿಕ್ ಕಿವಿಯೊಂದು ಮುರಿದರೂ ಇಡೀ ಲ್ಯಾಂಪನ್ನೇ ಕೊಳ್ಳಿ ಎನ್ನುತ್ತಾರೆ ಶೋರೂಮಿನವರು. ಒಳ್ಳೆಯ ಎಲ್‌ಇಡಿ ಲ್ಯಾಂಪನ್ನು ದುಬಾರಿ ಮಾಡೆಲಿಗಷ್ಟೇ ಕೊಟ್ಟು, ಅದೇ ಕಾರಿನ ಅಗ್ಗದ ಮಾಡೆಲಿಗೆ ಮಂಕು ಹ್ಯಾಲೊಜೆನ್ ಇಡುವವರೂ ಕಂಪನಿಯವರೇ. ಎತ್ತರದ ಎಸ್‌ಯುವಿಯ ಕಂಪನಿ ಲೈಟೇ ಸಣ್ಣ ಕಾರಿನವರ ಕಣ್ಣು ಕುಕ್ಕುವುದುಂಟು. ಜನ ಕುರ್ಲಾ ದಾರಿ ಹಿಡಿಯುವುದು ಬರೀ ಶೋಕಿಗಲ್ಲ.

ಕಾನೂನಿನಲ್ಲಿ ಕೊರತೆಯೇನಿಲ್ಲ. ಕೇಂದ್ರ ಮೋಟಾರು ವಾಹನ ನಿಯಮಗಳ 106ನೇ ನಿಯಮ ಅಳತೆಯನ್ನೇ ಕೊಟ್ಟಿದೆ: ಲ್ಯಾಂಪಿನಿಂದ 8 ಮೀಟರ್ ಮುಂದೆ, ಅರ್ಧ ಮೀಟರ್ ಬಲಕ್ಕೆ, ನೆಲದಿಂದ ಒಂದೂವರೆ ಮೀಟರ್ ಎತ್ತರದಲ್ಲಿರುವ ಕಣ್ಣನ್ನು ಬೆಳಕು ಕೋರೈಸಬಾರದು. ಒಪ್ಪಿಗೆಯಿಲ್ಲದೆ ಗಾಡಿ ಮಾರ್ಪಡಿಸಿದರೆ 2019ರ ತಿದ್ದುಪಡಿಯ ನಂತರ ಒಂದೊಂದು ಮಾರ್ಪಾಡಿಗೆ 5,000 ರೂಪಾಯಿ ದಂಡ ಹಾಕಬಹುದು. ಕರ್ನಾಟಕ ಪೊಲೀಸರು 2024ರ ಜುಲೈನಿಂದ ಕಣ್ಣು ಕುಕ್ಕುವ ಎಲ್‌ಇಡಿಗಳ ಮೇಲೆ ಪ್ರಕರಣ ದಾಖಲಿಸತೊಡಗಿದರು. ಒಳ್ಳೆಯದೇ. ಆದರೆ ಬಿಳಿ ಬೆಳಕು ಕಂಡಲ್ಲೆಲ್ಲ ಕೈ ಅಡ್ಡ ಹಿಡಿಯುವುದು ಸುಲಭ, ಆ ಎಂಟು ಮೀಟರಿನ ಅಳತೆ ಹಿಡಿದು ನೋಡುವುದು ಕಷ್ಟ. ನೋಡಬೇಕಾದದ್ದು ಆ ಅಳತೆಯನ್ನೇ. ಕಂಪನಿಯ ಹ್ಯಾಲೊಜೆನ್ ಕೂಡ ಮೇಲ್ಮುಖವಾಗಿ ಕೂತಿದ್ದರೆ ಅಷ್ಟೇ ಅಪರಾಧ.

ಹಾಗಾದರೆ ಕೊಳ್ಳಬೇಕಾದದ್ದು ಏನನ್ನು? ಮೊದಲು ಏನನ್ನೂ ಕೊಳ್ಳದೆ ನೋಡಬೇಕು. ಮಂಕಾಗಿರುವುದು ಬಹಳ ಸಲ ಬಲ್ಬಲ್ಲ, ಬಿಸಿಲಿಗೆ ಹಳದಿಗಟ್ಟಿದ ಲ್ಯಾಂಪಿನ ಪ್ಲಾಸ್ಟಿಕ್ ಮುಖ. ಅದನ್ನು ಉಜ್ಜಿ ಪಾಲಿಶ್ ಮಾಡಿಸಿ, ಮುಂಗಾಜಿನ ಒಳಮೈಯನ್ನೂ ಒರೆಸಿದರೆ ಅರ್ಧ ಕತ್ತಲು ಹೋಗುತ್ತದೆ. ಬಲ್ಬು ಹಳತಾಗಿದ್ದರೆ ಹೆಸರಿರುವ ತಯಾರಕರ ಅದೇ 60/55 ವ್ಯಾಟಿನ ಹ್ಯಾಲೊಜೆನ್ ಸಾಕು. 100 ವ್ಯಾಟಿನದು ಹಾಕಿಸಿ ವೈರು, ಹೋಲ್ಡರು ಸುಟ್ಟುಕೊಳ್ಳುವುದು ಬೇಡ. ಲ್ಯಾಂಪೇ ಒಡೆದಿದ್ದರೆ ಕುರ್ಲಾದ ನಿಜವಾದ ಉಪಕಾರ ಇರುವುದು ಆಗ: ಗುಜರಿ ಗಾಡಿಯಿಂದ ಬಿಚ್ಚಿದ ಒರಿಜಿನಲ್ ಲ್ಯಾಂಪು. ಕಾರ್ಖಾನೆಯ ಲೆಕ್ಕ, ಸಂತೆಯ ಬೆಲೆ. ಒಳಗಿನ ಬೆಳ್ಳಿ ಬಣ್ಣ ಎದ್ದಿದೆಯೇ, ಹಿಂದಿನ ಅಡ್ಜಸ್ಟ್ ಸ್ಕ್ರೂ ತಿರುಗುತ್ತದೆಯೇ ಎಂದು ನೋಡಿ, ಬಿಲ್ ಕೇಳಿ ಪಡೆಯಬೇಕು. ಬಿಲ್ ಕೊಡದ ಮಾಲು ಯಾರ ಗಾಡಿಯದೋ ಯಾರಿಗೆ ಗೊತ್ತು.

ಕೂರಿಸಿದ ಮೇಲೆ ಹೊರಡುವ ಹಿಂದಿನ ಸಂಜೆ ಸಮತಟ್ಟು ಜಾಗದಲ್ಲಿ ಗೋಡೆಯಿಂದ 10 ಮೀಟರ್ ದೂರ ಗಾಡಿ ನಿಲ್ಲಿಸಿ ಲೋ ಬೀಮ್ ಹಾಕಬೇಕು. ಗೋಡೆಯ ಮೇಲಿನ ಬೆಳಕಿನ ಗೆರೆ ಲ್ಯಾಂಪಿನ ಎತ್ತರಕ್ಕಿಂತ ಸುಮಾರು 10 ಸೆಂಟಿಮೀಟರ್ ಕೆಳಗಿರಬೇಕು. ಹಿಂದಿನ ಸೀಟಿನಲ್ಲಿ ಮೂವರು, ಡಿಕ್ಕಿಯಲ್ಲಿ ಊರಿಗೆ ಒಯ್ಯುವ ಸಾಮಾನು ತುಂಬಿದ ಮೇಲೆ ಮೂತಿ ಮೇಲೇಳುತ್ತದೆ, ಗೆರೆಯೂ ಮೇಲೇರುತ್ತದೆ. ಸ್ಟೀರಿಂಗಿನ ಬಲಗಡೆ ಅನೇಕ ಕಾರುಗಳಲ್ಲಿ 0, 1, 2, 3 ಎಂದು ಬರೆದ ಪುಟ್ಟ ಚಕ್ರವೊಂದಿರುತ್ತದೆ. ಹತ್ತು ವರ್ಷ ಕಾರು ಓಡಿಸಿಯೂ ಅದನ್ನು ಒಮ್ಮೆಯೂ ಮುಟ್ಟದವರಿದ್ದಾರೆ. ಅದು ಇರುವುದೇ ಇದಕ್ಕೆ. ಗಾಡಿ ತುಂಬಿದ ರಾತ್ರಿ ಅದನ್ನು 2ಕ್ಕೋ 3ಕ್ಕೋ ತಿರುಗಿಸಿ, ಗೋಡೆಯ ಮೇಲೆ ಗೆರೆ ಇಳಿಯುವುದನ್ನು ನೋಡಿಯೇ ಪನ್ವೇಲ್ ಕಡೆ ಹೊರಡಬೇಕು.