ಈ ಚಿತ್ರದಲ್ಲಿ ಟೈಮ್ ಎಷ್ಟಣ್ಣಾ?

ಕಳೆದ ಸಲದ ಫೆಸ್ಟಿನಲ್ಲಿ ನಮ್ಮ ಸ್ಟಾಲಿಗೆ ಬಂದವರಿಗೆ ಆ ಚಿತ್ರ ನೆನಪಿರಬಹುದು. ಎಡಕ್ಕೊಂದು ಕೆಂಪು ಹೆಂಚಿನ ಮನೆ, ನಡುವೆ ಹೊಳೆಯ ನೀರಲ್ಲಿ ನಿಂತ ಖಾಲಿ ಕುದುರೆ ಗಾಡಿ, ದಡದಲ್ಲೊಂದು ನಾಯಿ, ಮೇಲೆ ರಾಶಿ ರಾಶಿ ಮೋಡ. ಇಂಗ್ಲೆಂಡಿನ ಜಾನ್ ಕಾನ್‌ಸ್ಟೇಬಲ್ ಬರೆದ 'ದಿ ಹೇ ವೇನ್', ಅಂದ್ರೆ ಹುಲ್ಲಿನ ಗಾಡಿ, ಎಂಬ ತೈಲಚಿತ್ರದ ನಕಲು ಅದು. ನಾವು ನಾಲ್ಕು ಜನ ಮೂರು ವಾರ ನಿದ್ದೆಗೆಟ್ಟು, ಮೊಬೈಲಿನಲ್ಲಿ ಝೂಮ್ ಮಾಡಿ ಮಾಡಿ ಕ್ಯಾನ್ವಾಸಿಗೆ ಇಳಿಸಿದ್ದೆವು. ಬಂದವರೆಲ್ಲ ಸೆಲ್ಫಿ ತೆಗೆದುಕೊಂಡರು, 'ಸೂಪರ್ ಗುರು' ಅಂದರು. ನಾವೂ ಉಬ್ಬಿದೆವು.

ಆಗ ಫಸ್ಟ್ ಇಯರ್ ಹುಡುಗಿಯೊಬ್ಬಳು ಸುಮಾರು ಹೊತ್ತು ಚಿತ್ರ ನೋಡಿ ಕೇಳಿದಳು: "ಅಣ್ಣಾ, ಈ ಚಿತ್ರದಲ್ಲಿ ಟೈಮ್ ಎಷ್ಟು?"

ನಮ್ಮಲ್ಲೊಬ್ಬ "ಸಂಜೆ ಇರ್ಬೇಕು" ಅಂದ. ಇನ್ನೊಬ್ಬ "ಇಲ್ಲ, ಬೆಳಿಗ್ಗೆ ಅನ್ಸತ್ತೆ" ಅಂದ. ಮೂರು ವಾರ ಅದೇ ಚಿತ್ರದ ಮುಂದೆ ಕೂತಿದ್ದ ನಮಗೆ ಅಲ್ಲಿ ಬೆಳಕು ಯಾವ ಹೊತ್ತಿನದು ಅಂತಲೇ ಗೊತ್ತಿರಲಿಲ್ಲ. ವೈವಾದಲ್ಲಿ ಮೊದಲ ಪ್ರಶ್ನೆಗೇ ಸಿಕ್ಕಿಬಿದ್ದ ಹಾಗಾಯ್ತು. ಆಮೇಲೆ ಹುಡುಕಿದಾಗ ಗೊತ್ತಾಗಿದ್ದು ಇದು: 1821ರಲ್ಲಿ ಲಂಡನ್ನಿನ ರಾಯಲ್ ಅಕಾಡೆಮಿಯಲ್ಲಿ ಈ ಚಿತ್ರವನ್ನು ಮೊದಲು ತೂಗುಹಾಕಿದಾಗ ಅದರ ಹೆಸರು 'ಹೇ ವೇನ್' ಆಗಿರಲಿಲ್ಲ. 'ಲ್ಯಾಂಡ್‌ಸ್ಕೇಪ್: ನೂನ್' ಅಂತ ಇತ್ತು. ನಡುಮಧ್ಯಾಹ್ನ! ಉತ್ತರ ಹೆಸರಿನಲ್ಲೇ ಇತ್ತು.

ಆ ಮುಜುಗರದಿಂದ ಹುಟ್ಟಿದ್ದು ಈ ಬರಹ. ನಾವು ಹೇಳಬೇಕೆಂದಿರೋದು ಇಷ್ಟೇ. ಹಳೆಯ ದೊಡ್ಡ ಕಲಾವಿದರಿಂದ ಕಲಿಯೋದು ಅಂದ್ರೆ ಅವರ ಚಿತ್ರ ಹೇಗೆ ಕಾಣುತ್ತೆ ಅನ್ನೋದನ್ನ ಕಾಪಿ ಹೊಡೆಯೋದಲ್ಲ, ಅವರು ಹೇಗೆ ನೋಡಿದರು ಅನ್ನೋದನ್ನ ಕಾಪಿ ಹೊಡೆಯೋದು. ಎರಡಕ್ಕೂ ಅಜಗಜಾಂತರ.

ಕಾನ್‌ಸ್ಟೇಬಲ್ ಅಂದಕೂಡಲೇ ನಮಗೆ ನೆನಪಾಗೋದು ಹೆಲ್ಮೆಟ್ ಇಲ್ಲದೆ ಸಿಕ್ಕಿಬಿದ್ದ ದಿನ. ಈ ಕಾನ್‌ಸ್ಟೇಬಲ್ ಬೇರೆ. 1776ರಲ್ಲಿ ಸಫೋಕ್ ಪ್ರಾಂತ್ಯದ ಈಸ್ಟ್ ಬರ್ಗೋಲ್ಟ್ ಎಂಬ ಹಳ್ಳಿಯಲ್ಲಿ ಹುಟ್ಟಿದವನು. ಅಪ್ಪ ಧಾನ್ಯದ ವ್ಯಾಪಾರಿ, ಹಿಟ್ಟಿನ ಗಿರಣಿಗಳ ಮಾಲೀಕ. ಹುಡುಗ ಸ್ವಲ್ಪ ಕಾಲ ಗಿರಣಿಯಲ್ಲೂ ದುಡಿದ. ಗಾಳಿಗಿರಣಿಯಲ್ಲಿ ಕೆಲಸ ಮಾಡುವವನಿಗೆ ಆಕಾಶ ಅಂದ್ರೆ ಕವಿತೆ ಅಲ್ಲ, ಇನ್‌ಪುಟ್. ಗಾಳಿ ಯಾವ ಕಡೆಯಿಂದ, ಎಷ್ಟು ಜೋರು, ಮಳೆ ಬರುತ್ತೋ ಇಲ್ವೋ, ಇದನ್ನು ಓದಲು ಬರದಿದ್ದರೆ ಅವತ್ತಿನ ಕೆಲಸ ಕೆಟ್ಟಿತು. ಮುಂದೆ ಅವನು ಮೋಡ ಬರೆದದ್ದು ಇದೇ ಕಣ್ಣಿನಿಂದ.

ಈಗ ಕಾಪಿ ವಿಷಯಕ್ಕೆ ಬರೋಣ. 'ನಕಲು ಮಾಡೋದೇ ತಪ್ಪು, ಸ್ವಂತಿಕೆ ಬೇಕು' ಅಂತ ಭಾಷಣ ಬಿಗಿಯೋದು ನಮ್ಮ ಉದ್ದೇಶ ಅಲ್ಲ. ಕಾನ್‌ಸ್ಟೇಬಲ್ಲೇ ಚೆನ್ನಾಗಿ ಕಾಪಿ ಹೊಡೆದವನು. ಸರ್ ಜಾರ್ಜ್ ಬ್ಯೂಮಾಂಟ್ ಎಂಬ ಶ್ರೀಮಂತ ಕಲಾಪ್ರೇಮಿಯ ಹತ್ತಿರ ಹದಿನೇಳನೇ ಶತಮಾನದ ಕ್ಲಾಡ್ ಲೊರೇನ್‌ನ ನಿಸರ್ಗಚಿತ್ರಗಳಿದ್ದವು. ಹುಡುಗನಾಗಿದ್ದಾಗಲೇ ಅವನ್ನು ನೋಡಿ ಮರುಳಾದ ಕಾನ್‌ಸ್ಟೇಬಲ್ ಅವುಗಳ ನಕಲು ಮಾಡುತ್ತಾ ಕಲಿತ. ವಿಶೇಷ ಏನಂದ್ರೆ, 1823ರಲ್ಲಿ, ಅಷ್ಟು ಹೊತ್ತಿಗೆ 'ಹೇ ವೇನ್' ಬರೆದು ಮುಗಿಸಿದ್ದ ನಲವತ್ತೇಳರ ಗಂಡಸು, ಮತ್ತೆ ಬ್ಯೂಮಾಂಟ್ ಮನೆಗೆ ಹೋಗಿ ವಾರಗಟ್ಟಲೆ ಕೂತು ಕ್ಲಾಡ್‌ನನ್ನು ಕಾಪಿ ಮಾಡಿದ. ನಮ್ಮಲ್ಲಿ ಥರ್ಡ್ ಸೆಮ್ ಮುಗಿದರೆ ಬೇಸಿಕ್ಸ್ ಕಡೆ ತಿರುಗಿ ನೋಡೋರಿಲ್ಲ!

ಆದರೆ ಅದೇ ಬ್ಯೂಮಾಂಟ್ ಜೊತೆ ನಡೆದ ಇನ್ನೊಂದು ಪ್ರಸಂಗವೂ ಇದೆ. ಇದನ್ನು ದಾಖಲಿಸಿದವನು ಕಾನ್‌ಸ್ಟೇಬಲ್‌ನ ಗೆಳೆಯ, ಜೀವನಚರಿತ್ರೆಕಾರ ಲೆಸ್ಲಿ. ಚಿತ್ರ ಅಂದ್ರೆ ಒಟ್ಟಾರೆ ಹಳೆಯ ಪಿಟೀಲಿನ ಬಣ್ಣದಲ್ಲಿರಬೇಕು ಅನ್ನೋದು ಬ್ಯೂಮಾಂಟ್ ಅಭಿಪ್ರಾಯ. ಕಾನ್‌ಸ್ಟೇಬಲ್ ವಾದ ಮಾಡಲಿಲ್ಲ. ಒಂದು ಹಳೆಯ ಪಿಟೀಲು ತಂದು ಮನೆಯ ಮುಂದಿನ ಹುಲ್ಲಿನ ಮೇಲೆ ಇಟ್ಟುಬಿಟ್ಟ. ಪಿಟೀಲು ಕಂದು, ಹುಲ್ಲು ಹಸಿರು. ಮಾತು ಮುಗೀತು.

ಹಳೆಯ ಚಿತ್ರಗಳ ಮೇಲೆ ಬಳಿದ ವಾರ್ನಿಷ್ ವರ್ಷ ಕಳೆದಂತೆ ಹಳದಿಗೆ, ಕಂದಿಗೆ ತಿರುಗುತ್ತೆ. ಆ ಕೊಳೆಯನ್ನೇ ಗುರುವಿನ ಗುಟ್ಟು ಅಂತ ಶಿಷ್ಯರು ಹಿಡಿದುಕೊಂಡರೆ ಏನಾಗುತ್ತೆ ಹೇಳಿ. ಕಾನ್‌ಸ್ಟೇಬಲ್ ಕ್ಲಾಡ್‌ನಿಂದ ಬೆಳಕು ಹೇಗೆ ಹಿಂದಕ್ಕೆ ಹಿಂದಕ್ಕೆ ಸರಿಯುತ್ತೆ, ಮರಗಳನ್ನು ಹೇಗೆ ಜೋಡಿಸಬೇಕು ಅನ್ನೋದನ್ನ ತೆಗೆದುಕೊಂಡ. ಕಂದು ಬಣ್ಣವನ್ನು ಅಲ್ಲೇ ಬಿಟ್ಟ. ನಮ್ಮ ನಕಲಿನ ಕಥೆ ಉಲ್ಟಾ. ನಾವು ಡೌನ್‌ಲೋಡ್ ಮಾಡಿದ ಫೋಟೋ ಹಳದಿ ತಿರುಗಿತ್ತು, ನಮ್ಮ ಮಧ್ಯಾಹ್ನ ಸಂಜೆ ಆಗಿದ್ದೇ ಅದರಿಂದ. ಫೋಟೋದ ದೋಷವನ್ನು ನಾವು ಭಕ್ತಿಯಿಂದ ಬರೆದಿದ್ದೆವು.

ಹಾಗಾದ್ರೆ ಅವನ 'ನೋಡುವ ವಿಧಾನ' ಅಂದ್ರೆ ಏನು? ಅದಕ್ಕೆ ಚಿತ್ರಗಳ ಹಿಂಬದಿ ನೋಡಬೇಕು.

1821 ಮತ್ತು 1822ರಲ್ಲಿ ಲಂಡನ್ ಪಕ್ಕದ ಹ್ಯಾಂಪ್‌ಸ್ಟೆಡ್ ಗುಡ್ಡದ ಮೇಲೆ ಕಾನ್‌ಸ್ಟೇಬಲ್ ಬರೀ ಆಕಾಶವನ್ನೇ ಬರೆದ. ಕೆಲವದರಲ್ಲಿ ಮರದ ತುದಿ ಕಾಣುತ್ತೆ, ಹಲವದರಲ್ಲಿ ಮೋಡ ಬಿಟ್ಟು ಏನೂ ಇಲ್ಲ. ಸಣ್ಣ ಸಣ್ಣ ಕಾಗದದ ಮೇಲೆ ತೈಲವರ್ಣ, ಒಂದೊಂದಕ್ಕೆ ಹೆಚ್ಚುಕಡಿಮೆ ಒಂದು ಗಂಟೆ. ಹಲವು ಕಾಗದಗಳ ಹಿಂದೆ ತಾರೀಕು, ಎಷ್ಟು ಗಂಟೆಯಿಂದ ಎಷ್ಟು ಗಂಟೆವರೆಗೆ, ಗಾಳಿ ಯಾವ ದಿಕ್ಕಿನದು, ಬಿಸಿಲು ಹೇಗಿತ್ತು ಅಂತ ಬರೆದಿಟ್ಟಿದ್ದಾನೆ. 1821ರ ಸೆಪ್ಟೆಂಬರ್ 11ರ ಚಿತ್ರದ ಹಿಂದೆ ಆ ರಾತ್ರಿ ಮಳೆ ಬಂತು ಅನ್ನೋದನ್ನೂ ಸೇರಿಸಿದ್ದಾನೆ. ಅಂದ್ರೆ ಚಿತ್ರ ಮುಗಿದ ಮೇಲೂ ಆಸಾಮಿ ಆಕಾಶವನ್ನು ಬಿಟ್ಟಿಲ್ಲ, ಈ ಮೋಡ ಮುಂದೆ ಏನಾಯ್ತು ಅಂತ ಕಾದು ನೋಡಿದ್ದಾನೆ. ಲ್ಯೂಕ್ ಹೊವಾರ್ಡ್ ಮೋಡಗಳಿಗೆ ಕ್ಯುಮುಲಸ್, ಸ್ಟ್ರೇಟಸ್, ಸಿರಸ್ ಅಂತ ಹೆಸರಿಟ್ಟು ಆಗಿನ್ನೂ ಇಪ್ಪತ್ತು ವರ್ಷವೂ ಆಗಿರಲಿಲ್ಲ. 1836ರಲ್ಲಿ ರಾಯಲ್ ಇನ್‌ಸ್ಟಿಟ್ಯೂಷನ್‌ನಲ್ಲಿ ಉಪನ್ಯಾಸ ಕೊಡುವಾಗ ಕಾನ್‌ಸ್ಟೇಬಲ್ ಚಿತ್ರಕಲೆಯೂ ಒಂದು ವಿಜ್ಞಾನ, ಚಿತ್ರಗಳು ಅದರ ಪ್ರಯೋಗಗಳು ಎಂಬರ್ಥದ ಮಾತು ಹೇಳಿದ. ಬಾಯಿಮಾತಿಗೆ ಹೇಳಿದ್ದಲ್ಲ. ಸಾಕ್ಷಿಗೆ ಅಬ್ಸರ್ವೇಶನ್ ಬುಕ್ ಇತ್ತು.

ನಮ್ಮ ಅಬ್ಸರ್ವೇಶನ್ ಬುಕ್ ಕಥೆ ನಿಮಗೆ ಗೊತ್ತೇ ಇದೆ. ಸಬ್ಮಿಷನ್ ಹಿಂದಿನ ರಾತ್ರಿ ಸೀನಿಯರ್ ರೆಕಾರ್ಡ್ ಎದುರಿಗಿಟ್ಟುಕೊಂಡು ಇಳಿಸೋದು. ಗ್ರಾಫ್ ನೇರ ಬರಲಿ ಅಂತ ಮೊದಲು ಗೆರೆ ಎಳೆದು ಆಮೇಲೆ ಚುಕ್ಕಿ ಇಡೋದು. ರಿಸಲ್ಟ್‌ನಿಂದ ಹಿಂದಕ್ಕೆ ಲೆಕ್ಕ ಹಾಕಿ ರೀಡಿಂಗ್ ಕೂರಿಸೋದು. ನಾವೂ ಮಾಡಿದ್ದೇವೆ, ಸುಳ್ಳು ಹೇಳಲ್ಲ. ಇದರಿಂದ ಮಾರ್ಕ್ಸ್ ಏನೂ ಹೋಗಲ್ಲ, ಹೋಗೋದು ಕಣ್ಣು. ಉತ್ತರ ಮೊದಲೇ ಗೊತ್ತಿದ್ದು ಮೀಟರ್ ನೋಡೋ ಅಭ್ಯಾಸ ಆದ ಮೇಲೆ, ಮೀಟರ್ ನಿಜವಾಗಿ ಬೇರೇನೋ ಹೇಳಿದ ದಿನ ನಮಗೆ ಕಾಣೋದೇ ಇಲ್ಲ. ನಾಳೆ ನಾವು ಕಟ್ಟೋ ಸೇತುವೆ, ಬರೆಯೋ ಕೋಡು, ಟೆಸ್ಟ್ ಮಾಡೋ ಬ್ರೇಕು ಎಲ್ಲಕ್ಕೂ ಇದೇ ಕಣ್ಣು. ಆ ಹುಡುಗಿಯ ಪ್ರಶ್ನೆ ನಮ್ಮನ್ನು ಚುಚ್ಚಿದ್ದು ಅದಕ್ಕೇ. ಅದು ಬರೀ ಚಿತ್ರದ ಬಗ್ಗೆ ಕೇಳಿದ್ದಾಗಿರಲಿಲ್ಲ.

ಸರಿ, 'ಹೇ ವೇನ್' ಕಡೆಗೆ ಮತ್ತೊಮ್ಮೆ ತಿರುಗೋಣ, ಈ ಸಲ ರಿವರ್ಸ್ ಎಂಜಿನಿಯರಿಂಗ್ ಮಾಡೋ ಹಾಗೆ. ಚಿತ್ರದ ಅಗಲ 185 ಸೆಂಟಿಮೀಟರ್ ಚಿಲ್ಲರೆ, ಎತ್ತರ 130. ಇದನ್ನು ಅವನು ಹೊಳೆ ದಡದಲ್ಲಿ ಕೂತು ಬರೆದದ್ದಲ್ಲ, ಲಂಡನ್ನಿನ ಸ್ಟುಡಿಯೋದಲ್ಲಿ, ವರ್ಷಗಟ್ಟಲೆ ಸ್ಥಳದಲ್ಲೇ ಮಾಡಿಟ್ಟುಕೊಂಡ ಸಣ್ಣ ಸ್ಕೆಚ್‌ಗಳನ್ನು ಮುಂದಿಟ್ಟುಕೊಂಡು ಬರೆದದ್ದು. ಗಾಡಿಯ ರಚನೆ ಸರಿಯಾಗಿ ನೆನಪಿಲ್ಲದಾಗ ಊಹೆ ಮಾಡದೆ ಊರಿಂದ ಅದರ ಚಿತ್ರ ಬರೆಸಿ ತರಿಸಿಕೊಂಡ. ಫೈನಲ್ ಕ್ಯಾನ್ವಾಸಿಗೆ ಮೊದಲು ಅದೇ ಅಳತೆಯ ಒಂದು ಪೂರ್ಣ ಸ್ಕೆಚ್ಚನ್ನೂ ತೈಲವರ್ಣದಲ್ಲೇ ಮಾಡಿದ. ಅದು ಈಗ ವಿಕ್ಟೋರಿಯಾ ಆ್ಯಂಡ್ ಆಲ್ಬರ್ಟ್ ಮ್ಯೂಸಿಯಂನಲ್ಲಿದೆ. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ ಫುಲ್ ಸ್ಕೇಲ್ ಪ್ರೊಟೋಟೈಪ್. ಇಷ್ಟಾದರೂ ಫೈನಲ್‌ನಲ್ಲಿ ತಿದ್ದುವುದು ನಿಲ್ಲಲಿಲ್ಲ. ಮುಂಭಾಗದಲ್ಲಿ ಮೊದಲು ಕುದುರೆ ಸವಾರನಿದ್ದ. ಅವನನ್ನು ಅಳಿಸಿ ಪೀಪಾಯಿ ಇಟ್ಟ. ಆಮೇಲೆ ಪೀಪಾಯಿಯನ್ನೂ ಮುಚ್ಚಿದ. ತೈಲವರ್ಣ ಹಳತಾದಂತೆ ಪಾರದರ್ಶಕ ಆಗುತ್ತಾ ಹೋಗುತ್ತೆ, ಹಾಗಾಗಿ ಆ ಪೀಪಾಯಿ ಈಗ ಮೆಲ್ಲಗೆ ಇಣುಕುತ್ತಿದೆ. ಇನ್ನೂರು ವರ್ಷದ ನಂತರವೂ ಕಮಿಟ್ ಹಿಸ್ಟರಿ ಓದಬಹುದು!

ಬಣ್ಣದಲ್ಲೂ ಹೀಗೇ. ಅವನು ಬಿಳಿ ಕಾಗದದ ಮೇಲೆ ನೇರ ಶುರು ಮಾಡುತ್ತಿರಲಿಲ್ಲ, ಸ್ಕೆಚ್‌ಗಳಿಗೆ ಕೆಂಪು ಛಾಯೆಯ ಕಂದು ತಳಬಣ್ಣ ಹಚ್ಚಿಕೊಳ್ಳುತ್ತಿದ್ದ. ಮೇಲಿನ ಹಸಿರಿನ ಸಂದಿಯಲ್ಲಿ ಆ ಕೆಂಪು ಅಲ್ಲಲ್ಲಿ ಕಂಡು ಹಸಿರು ಜೀವಂತ ಆಗುತ್ತೆ. ಕುದುರೆಗಳ ಸರಂಜಾಮಿನ ಮೇಲಿನ ಚೂರು ಕೆಂಪೂ ಅದೇ ಕೆಲಸ ಮಾಡುತ್ತೆ. ಹಸಿರಂತೂ ಟ್ಯೂಬಿನಿಂದ ಹಿಂಡಿ ಬಳಿದ ಒಂದೇ ಹಸಿರಲ್ಲ, ಪಕ್ಕಪಕ್ಕದಲ್ಲಿ ಇಟ್ಟ ಹತ್ತಾರು ಹಸಿರುಗಳು. ಅಂದಹಾಗೆ ಆಗ ಬಣ್ಣದ ಟ್ಯೂಬೇ ಇರಲಿಲ್ಲ. ಅದು ಬಂದದ್ದು 1841ರಲ್ಲಿ, ಅವನು ತೀರಿಕೊಂಡು ನಾಲ್ಕು ವರ್ಷದ ಮೇಲೆ. ಲಂಡನ್ನಿನಲ್ಲಿ ಕೊಳ್ಳುವವರಿಲ್ಲದ 'ಹೇ ವೇನ್' 1824ರಲ್ಲಿ ಪ್ಯಾರಿಸ್ಸಿನ ಸಲೋನ್ ಪ್ರದರ್ಶನಕ್ಕೆ ಹೋಗಿ ಚಿನ್ನದ ಪದಕ ಗೆದ್ದಿತು. ಫ್ರೆಂಚ್ ಕಲಾವಿದ ಡೆಲಾಕ್ರಾ ತನ್ನ ದಿನಚರಿಯಲ್ಲಿ ಮೆಚ್ಚಿ ಬರೆದದ್ದು ಈ ಹಸಿರುಗಳ ಬಗ್ಗೆಯೇ.

ಇಷ್ಟು ಓದಿಕೊಂಡು ನಾವು ಹಾಸ್ಟೆಲ್ ಟೆರೇಸ್ ಹತ್ತಿದೆವು. ಕೈಯಲ್ಲಿ ಪುಸ್ತಕದಳತೆಯ ರಟ್ಟುಗಳು, ಮೊದಲೇ ಹಚ್ಚಿ ಒಣಗಿಸಿದ ಕಂದು ತಳಬಣ್ಣ, ಬಿಳಿ, ನೀಲಿ, ಹಳದಿ ಕಾವಿ, ಕೆಂಪು ಕಾವಿ, ಇಷ್ಟೇ. ರೂಲ್ ಒಂದೇ: ಒಂದು ಗಂಟೆ, ಹಿಂದೆ ರೀಡಿಂಗ್.

ಮೊದಲ ಐದು ರಟ್ಟು ಪೂರ್ತಿ ಹಾಳು. ಹತ್ತು ನಿಮಿಷಕ್ಕೆ ಮೋಡ ಅರ್ಧ ಆಕಾಶ ದಾಟಿರುತ್ತೆ, ನಾವಿನ್ನೂ ಬಿಳಿ ಕಲಸುತ್ತಿರುತ್ತೇವೆ. ಆರನೆಯದಕ್ಕೆ ಒಬ್ಬಳು ಗಮನಿಸಿ ಹೇಳಿದಳು, "ನೋಡ್ರೋ, ಎಲ್ಲಾ ಮೋಡದ ತಳ ಒಂದೇ ಲೆವೆಲ್ಲಲ್ಲಿ ಕತ್ತರಿಸಿದ ಹಾಗಿದೆ." ಹೌದಲ್ವಾ! ಮೇಲೇರುವ ಗಾಳಿ ತಣ್ಣಗಾಗುತ್ತಾ ಹೋಗಿ, ಒಂದು ಎತ್ತರದಲ್ಲಿ ಅದರ ತೇವ ಹನಿಗಟ್ಟುತ್ತೆ. ಆ ಎತ್ತರವೇ ಮೋಡದ ತಳ. ಥರ್ಮೋಡೈನಮಿಕ್ಸ್‌ನಲ್ಲಿ ಇದಕ್ಕೆ ಬೇಕಾದದ್ದೆಲ್ಲ ಓದಿ, ಪರೀಕ್ಷೆ ಬರೆದು, ಮರೆತಿದ್ದೆವು. ಅವತ್ತು ಮೊದಲ ಸಲ ಕಣ್ಣಿಗೆ ಕಂಡಿತು. ಅದು ತಿಳಿದ ಮೇಲೆ ಮೋಡ ಓಡಿದರೂ ಗಾಬರಿಯಿಲ್ಲ. ಆ ಮೋಡ ಹೋದರೆ ಅದೇ ನಿಯಮದ ಇನ್ನೊಂದು ಬರುತ್ತೆ.

ಮರಗಳ ಹತ್ತಿರ ಬಂದಾಗ ಕಾನ್‌ಸ್ಟೇಬಲ್ ಕೈಕೊಟ್ಟ. ಅವನ ಹಸಿರು ಮಿಶ್ರಣ ಹಚ್ಚಿದರೆ ಮೆಸ್ ಪಕ್ಕದ ಹೊಂಗೆ ಮರ ಇಂಗ್ಲೆಂಡಿನಿಂದ ಬಾಡಿಗೆಗೆ ತಂದ ಹಾಗೆ ಕಂಡಿತು. ಕಾರಣ ಲೆಕ್ಕ ಹಾಕಿದರೆ ಸಿಗುತ್ತೆ. ಸಫೋಕ್ ಇರೋದು 52 ಡಿಗ್ರಿ ಅಕ್ಷಾಂಶದಲ್ಲಿ, ಅಲ್ಲಿ ಜೂನ್ ಮಧ್ಯಾಹ್ನವೂ ಸೂರ್ಯ 61 ಡಿಗ್ರಿ ದಾಟಿ ಹೆಚ್ಚು ಮೇಲೇರಲ್ಲ. 13 ಡಿಗ್ರಿಯ ಆಸುಪಾಸಿನ ನಮ್ಮಲ್ಲಿ ಏಪ್ರಿಲ್ ಕೊನೆಗೆ ನೆತ್ತಿಯ ಮೇಲೇ ಇರ್ತಾನೆ. ನೆರಳು ಮರದ ಬುಡದಲ್ಲೇ ಮುದುರಿಕೊಳ್ಳುತ್ತೆ. ಮೇಲಿನ ಎಲೆಗಳು ಆಕಾಶವನ್ನು ಪ್ರತಿಫಲಿಸಿ ಹಸಿರಿಗಿಂತ ಬೂದಿ ಬಣ್ಣಕ್ಕೆ ಹೊಳೆಯುತ್ತವೆ. ಆಗ ಅರ್ಥವಾಯ್ತು, ಈ ಸಲ ಹುಲ್ಲಿನ ಮೇಲೆ ಇಡಬೇಕಾದ ಪಿಟೀಲು ಕಾನ್‌ಸ್ಟೇಬಲ್ಲೇ. ಅವನಿಂದ ಕಲಿತ ಕೊನೆಯ ಪಾಠ ಅಂದ್ರೆ ಅವನನ್ನೂ ಎದುರಿಗಿರೋ ಮರದ ಜೊತೆ ಹೋಲಿಸಿ ನೋಡೋದು.

ಶುರು ಮಾಡೋರಿಗೆ ಎರಡು ಪ್ರಾಕ್ಟಿಕಲ್ ಮಾತು. ಕೆಳಗಿನ ಪದರಕ್ಕೆ ಎಣ್ಣೆ ಕಡಿಮೆ, ಮೇಲಿನದಕ್ಕೆ ಜಾಸ್ತಿ ಇರಲಿ. ಉಲ್ಟಾ ಆದರೆ ಮೇಲಿನದು ಮೊದಲು ಗಟ್ಟಿಯಾಗಿ ಆಮೇಲೆ ಬಿರುಕು ಬಿಡುತ್ತೆ. ಎರಡನೆಯದು ಸೀರಿಯಸ್: ಅಗಸೆ ಎಣ್ಣೆ ನೀರಿನ ಹಾಗೆ ಆರಲ್ಲ, ಗಾಳಿಯ ಆಮ್ಲಜನಕ ಹೀರಿ ಗಟ್ಟಿಯಾಗುತ್ತೆ, ಆಗ ಶಾಖ ಬಿಡುತ್ತೆ. ಎಣ್ಣೆ ಒರೆಸಿದ ಬಟ್ಟೆಯನ್ನು ಉಂಡೆ ಮಾಡಿ ರೂಮಿನ ಡಸ್ಟ್‌ಬಿನ್ನಿಗೆ ಹಾಕಿದರೆ ತಾನಾಗೇ ಹೊತ್ತಿಕೊಳ್ಳಬಹುದು. ನೀರಲ್ಲಿ ಮುಳುಗಿಸಿಡಿ, ಇಲ್ಲಾ ಹೊರಗೆ ಬಿಡಿಸಿ ಒಣಹಾಕಿ.

'ಪ್ಲೇಸ್‌ಮೆಂಟ್ ಟೈಮಲ್ಲಿ ಇದೆಲ್ಲ ಯಾರಿಗೆ ಬೇಕು? ಎಐಗೆ ಒಂದು ಸಾಲು ಕೊಟ್ರೆ ಹತ್ತು ಸೆಕೆಂಡಲ್ಲಿ ಕಾನ್‌ಸ್ಟೇಬಲ್ ಸ್ಟೈಲ್ ಚಿತ್ರ ಬರುತ್ತೆ' ಅಂತ ಗೆಳೆಯರು ಕೇಳ್ತಾರೆ. ಬರುತ್ತೆ, ಒಪ್ಪಿದೆವು. ನಾವು ಮೂರು ವಾರ ಮಾಡಿದ್ದೂ ಅದನ್ನೇ, ಸ್ವಲ್ಪ ನಿಧಾನವಾಗಿ, ಅಷ್ಟೇ. ಆದರೆ ಟೈಮ್ ಎಷ್ಟು ಅಂತ ಯಾರಾದರೂ ಕೇಳಿದರೆ ಉತ್ತರ ಕೊಡಬೇಕಾದವರು ನಾವು. ಟೆರೇಸ್ ಮೇಲೆ ಒಂದು ಗಂಟೆ ಕೂತವರಿಗೆ ಆ ಉತ್ತರ ಗೊತ್ತಿರುತ್ತೆ.

ಹಾಗಾಗಿ ಕ್ಲಬ್ಬಿಗೆ ನಮ್ಮ ಸಲಹೆ ಇದು. ಮುಂದಿನ ಫೆಸ್ಟಿನಲ್ಲಿ ನಕಲು ಚಿತ್ರಗಳ ಸ್ಪರ್ಧೆ ಇರಲಿ, ತೆಗೆಯೋದು ಬೇಡ. ಆದರೆ ಪ್ರತಿ ನಕಲಿನ ಪಕ್ಕ ಅದೇ ಕಲಾವಿದರಿಂದ ಕಲಿತ ವಿಧಾನದಲ್ಲಿ ಕ್ಯಾಂಪಸ್ಸಿನ ಒಂದು ಜಾಗ ನೋಡಿ ಬರೆದ ಸಣ್ಣ ರಟ್ಟೂ ಇರಬೇಕು. ಅದನ್ನು ಗೋಡೆಗೆ ಅಂಟಿಸದೆ ದಾರಕ್ಕೆ ನೇತುಹಾಕೋಣ, ಬಂದವರು ತಿರುಗಿಸಿ ಹಿಂಬದಿ ಓದಲಿ.

ನಮ್ಮ ಹತ್ತೊಂಬತ್ತನೇ ರಟ್ಟಿನ ಹಿಂದೆ ಹೀಗಿದೆ: ಶನಿವಾರ, ಸಂಜೆ 4.40ರಿಂದ 5.35. ಗಾಳಿ ಪಶ್ಚಿಮದಿಂದ. ಮೋಡದ ತಳ ಬೂದು, ತಲೆ ಬೆಳ್ಳಗೆ. ರಾತ್ರಿ ಮಳೆ ಬರುತ್ತೆ ಅಂದುಕೊಂಡಿದ್ದೆವು, ಬರಲಿಲ್ಲ.

ಮುಂಭಾಗ ಅಷ್ಟೇನೂ ಚೆನ್ನಾಗಿಲ್ಲ. ಆದರೆ ಈ ರೀಡಿಂಗ್ ಮಾತ್ರ ಯಾರ ರೆಕಾರ್ಡಿನಿಂದಲೂ ಇಳಿಸಿದ್ದಲ್ಲ.