ಲೇಸರ್ ಆಮೇಲೆ, ಮೊದಲು ಚಪ್ಪಲಿ ಬಿಚ್ಚಿಸಿ

ಶ್ರೀನಿವಾಸಪುರದ ನಮ್ಮ ಚಿಕ್ಕಪ್ಪನಿಗೆ ಶುಗರ್ ಬಂದು ಹದಿನಾಲ್ಕು ವರ್ಷ. ಕಳೆದ ಮಾವಿನ ಸೀಸನ್ನಿನಲ್ಲಿ ತೋಟದಲ್ಲಿ ಕಾಲಿಗೆ ಏನೋ ಚುಚ್ಚಿದೆ, ಗೊತ್ತೇ ಆಗಿಲ್ಲ. ಜಗಲಿಯ ಮೇಲೆ ಕೀವಿನ ಕಲೆ ಕಂಡ ಮೇಲೇ ಚಿಕ್ಕಮ್ಮ ಪಾದ ಎತ್ತಿ ನೋಡಿದ್ದು. ವೈಟ್‌ಫೀಲ್ಡಿನಲ್ಲಿ ಕೆಲಸ ಮಾಡೋ ಮಗ ಏನು ಮಾಡಿದ? ನಾವು ನೀವು ಮಾಡೋದನ್ನೇ. ಮೊಬೈಲ್ ತೆಗೆದ, ಬೆಂಗಳೂರಿನ ಒಂದು ಕ್ಲಿನಿಕ್ಕಿನಲ್ಲಿ ಹತ್ತು ಸಿಟ್ಟಿಂಗಿನ ಲೇಸರ್ ಪ್ಯಾಕೇಜ್ ಬುಕ್ ಮಾಡಿದ. ನೋವಿಲ್ಲ, ಆಪರೇಷನ್ ಇಲ್ಲ, ಇಎಂಐ ಇದೆ. ಆರನೇ ಸಿಟ್ಟಿಂಗಿನ ಹೊತ್ತಿಗೆ ಹೆಬ್ಬೆರಳು ಕಪ್ಪಾಗಿತ್ತು. ತೆಗೆದರು.

ಆ ಲಿಂಕ್ ಅವನಿಗೆ ಕಳಿಸಿದ್ದು ನಾನು. ಹಾಗಾಗಿ ಈ ಸಿಟ್ಟಿನಲ್ಲಿ ನನ್ನ ಪಾಲೂ ಇದೆ.

ಲೇಸರ್ ಬರೀ ಬೂಟಾಟಿಕೆ ಅಂತ ನಾನು ಹೇಳ್ತಿಲ್ಲ. 1967ರಲ್ಲಿ ಬುಡಾಪೆಸ್ಟಿನ ಎಂಡ್ರೆ ಮೆಸ್ಟರ್ ಇಲಿಗಳ ಮೇಲೆ ಕಡಿಮೆ ಶಕ್ತಿಯ ಲೇಸರ್ ಬಿಟ್ಟಾಗ ಬೋಳಿಸಿದ ಜಾಗದಲ್ಲಿ ಕೂದಲು ಬೇಗ ಬೆಳೀತು. ಅಲ್ಲಿಂದ ಶುರುವಾದ ಕಥೆ ಇದು. ಈ ಬೆಳಕು ಸುಡಲ್ಲ, ಕೊಯ್ಯಲ್ಲ. ಜೀವಕೋಶದೊಳಗಿನ ಮೈಟೊಕಾಂಡ್ರಿಯಾವನ್ನು ಚುರುಕು ಮಾಡುತ್ತೆ ಅನ್ನೋದು ವಾದ. ನಮ್ಮದೇ ರಾಜ್ಯದಲ್ಲಿ, ಬೆಳಗಾವಿಯಲ್ಲಿ, ಇದರ ಮೇಲೆ ಒಂದು ಅಧ್ಯಯನ ನಡೆದು 2012ರಲ್ಲಿ ಪ್ರಕಟವಾಗಿದೆ. 68 ಜನ ಮಧುಮೇಹಿಗಳು, ಅರ್ಧ ಜನಕ್ಕೆ ಮಾಮೂಲಿ ಚಿಕಿತ್ಸೆ, ಇನ್ನರ್ಧಕ್ಕೆ ಅದರ ಜೊತೆ ಲೇಸರ್. 15 ದಿನದಲ್ಲಿ ಲೇಸರ್ ಗುಂಪಿನ ಹುಣ್ಣು ಸರಾಸರಿ ಶೇ. 37ರಷ್ಟು ಕುಗ್ಗಿತು, ಮತ್ತೊಂದು ಗುಂಪಿನದು ಶೇ. 15. ಚೆನ್ನಾಗಿದೆ ಅಲ್ವಾ? ಈಗ ಆ ಪ್ರಬಂಧದಲ್ಲಿ ಯಾರನ್ನು ಸೇರಿಸಿಕೊಂಡಿದ್ದರು ಅಂತ ಓದಿ. ಮೇಲ್ಪದರದ ಹುಣ್ಣು ಮಾತ್ರ. ಕಲ್ಚರ್ ಟೆಸ್ಟಿನಲ್ಲಿ ಬ್ಯಾಕ್ಟೀರಿಯಾ ಬೆಳೆಯದವರು ಮಾತ್ರ. ಅಂದ್ರೆ ಸೋಂಕು ಇರೋ ಕಾಲುಗಳು ಅಲ್ಲಿ ಇರಲೇ ಇಲ್ಲ! ಆ ಡಾಕ್ಟರುಗಳು ಪ್ರಾಮಾಣಿಕವಾಗಿ ಬರೆದದ್ದನ್ನು ಮಾರೋರು ಸಲೀಸಾಗಿ ನುಂಗಿಬಿಟ್ಟರು.

ಕೀವು ತುಂಬಿದ ಕಾಲಿಗೆ ಮೊದಲು ಬೇಕಾಗಿರೋದು ಯಾವ ಗ್ಲಾಮರೂ ಇಲ್ಲದ ಕೆಲಸ. ಕೀವು ಹೊರಗೆ ತೆಗೀಬೇಕು, ಸತ್ತ ಮಾಂಸ ಕೆರೆದು ತೆಗೀಬೇಕು, ಸರಿಯಾದ ಆಂಟಿಬಯೋಟಿಕ್ ಕೊಡಬೇಕು, ಸೋಂಕು ಮೂಳೆಗೆ ಇಳಿದಿದೆಯಾ, ಪಾದಕ್ಕೆ ರಕ್ತ ಹೋಗ್ತಿದೆಯಾ ನೋಡಬೇಕು. ಆಮೇಲೆ ಆ ಕಾಲಿನ ಮೇಲೆ ಭಾರ ಬೀಳದ ಹಾಗೆ ಮಾಡಬೇಕು. ಈ ಕೊನೇದನ್ನು ಕೇಳಿದ್ರೆ ನಗ್ತಾರೆ. ಮುಳಬಾಗಿಲು ದಾಟಿ ಹೆದ್ದಾರಿಯಲ್ಲಿ ಮುಂದೆ ಹೋದರೆ ಸಿಗೋ ವೆಲ್ಲೂರಿನಲ್ಲಿ ಡಾ. ಪಾಲ್ ಬ್ರಾಂಡ್ ಕುಷ್ಠರೋಗಿಗಳ ಪಾದಕ್ಕೆ ಪ್ಲಾಸ್ಟರ್ ಹಾಕಿ ಹುಣ್ಣು ಮಾಯಿಸ್ತಿದ್ದರು. ನೋವು ಗೊತ್ತಾಗದ ಕಾಲನ್ನು ಅದೇ ನಡಿಗೆ ಮತ್ತೆ ಮತ್ತೆ ಕೊಲ್ಲುತ್ತೆ ಅನ್ನೋದು ಅವರು ಕಂಡುಕೊಂಡ ಸತ್ಯ. ಶುಗರ್ ಕಾಲಿಗೂ ಅದೇ ಪ್ಲಾಸ್ಟರ್ ಇವತ್ತಿಗೂ ನಡೀತಿದೆ. ಅದಕ್ಕೆ ರೀಲ್ಸ್ ಮಾಡೋರು ಯಾರೂ ಇಲ್ಲ, ಬಿಡಿ.

"ಜೊತೆಗೆ ಲೇಸರೂ ಇರಲಿ, ತಪ್ಪೇನು?" ಅಂತೀರಿ. ಜೊತೆಗೆ ಇದ್ರೆ ತಪ್ಪಿಲ್ಲ ಸ್ವಾಮಿ. ನಮ್ಮ ಚಿಕ್ಕಪ್ಪನಿಗೆ ಜೊತೆಗೆ ಏನೂ ಇರಲಿಲ್ಲ. ಸಿಟ್ಟಿಂಗಿಗೆ ಅಂತ ಬಸ್ಸಿನಲ್ಲಿ ಬಂದು, ಅದೇ ಕಾಲಿನಲ್ಲಿ ನಡೆದು, ಹತ್ತು ನಿಮಿಷ ಕೆಂಪು ದೀಪದ ಕೆಳಗೆ ಕೂತು, ಮತ್ತೆ ಅದೇ ಕಾಲಿನಲ್ಲಿ ವಾಪಸ್. ಸೋಂಕಿಗೆ ಅಷ್ಟು ದಿನ ರಜೆ ಕೊಟ್ಟ ಹಾಗೆ.

ಕೋಲಾರದಲ್ಲಿ ಜಿಲ್ಲಾಸ್ಪತ್ರೆ ಇದೆ, ಟಮಕದಲ್ಲಿ ಮೆಡಿಕಲ್ ಕಾಲೇಜು ಇದೆ, ಎರಡರಲ್ಲೂ ಸರ್ಜನ್ನುಗಳಿದ್ದಾರೆ. ನಮಗೆ ಅದು ಹೊಳೆಯಲ್ಲ. ದೂರ ಇದ್ದೀವಿ ಅನ್ನೋ ಗಿಲ್ಟ್‌ಗೆ ದುಬಾರಿ ಮಷೀನೇ ಬೇಕು. ಮಾಲೂರಿನ ಹೆಂಚಿನ ಫ್ಯಾಕ್ಟರಿಯಲ್ಲಿ ಬಿಸಿ ನೆಲದ ಮೇಲೆ ಓಡಾಡೋ ಕಾಲಿರಲಿ, ಟೊಮೇಟೊ ಹೊಲದಲ್ಲಿ ಬರಿಗಾಲಲ್ಲಿ ನಿಲ್ಲೋ ಕಾಲಿರಲಿ, ಸ್ಪರ್ಶ ಸತ್ತಿದೆಯಾ ಅಂತ ನೋಡೋಕೆ 10 ಗ್ರಾಂ ಒತ್ತಡಕ್ಕೆ ಬಾಗೋ ಒಂದು ನೈಲಾನ್ ಎಳೆ ಸಾಕು. ಶುಗರ್ ಮಾತ್ರೆ ಬರೆಯೋವಾಗ "ಚಪ್ಪಲಿ ಬಿಚ್ಚಿ" ಅಂತ ಹದಿನಾಲ್ಕು ವರ್ಷದಲ್ಲಿ ಚಿಕ್ಕಪ್ಪನಿಗೆ ಒಬ್ಬರೂ ಹೇಳಿರಲಿಲ್ಲ. ನಾವೂ ಹೇಳಿರಲಿಲ್ಲ.

ಈಗ ಭಾನುವಾರದ ವಿಡಿಯೋ ಕಾಲ್‌ನಲ್ಲಿ ಮಗ ಮೊದಲು ಪಾದ ತೋರಿಸು ಅಂತಾನೆ. ಚಿಕ್ಕಪ್ಪ ಬೈಕೊಂಡೇ ಎಡಗಾಲು ಎತ್ತಿ ಕ್ಯಾಮೆರಾಗೆ ಹಿಡೀತಾರೆ, ಆಮೇಲೆ ನಾಲ್ಕು ಬೆರಳಿನ ಬಲಗಾಲು.